ಮೂರನೇ ಪಿಕ್‌ಗೆ ತೆತ್ತ ಬೆಲೆ: ಫಾರ್ಟಿನೈನರ್ಸ್ ತಂಡದ 2021ರ ಡ್ರಾಫ್ಟ್ ಪ್ರಕರಣ

2021ರ ಮಾರ್ಚ್ 26ರಂದು ಅಮೆರಿಕನ್ ಫುಟ್‌ಬಾಲ್‌ನ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡ ತನ್ನ ಕೈಲಿದ್ದ 12ನೇ ಪಿಕ್ (ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಸರದಿ), 2022ರ ಮೊದಲ ರೌಂಡ್ ಪಿಕ್, 2023ರ ಮೊದಲ ರೌಂಡ್ ಪಿಕ್, ಜೊತೆಗೆ 2022ರ ಒಂದು ಮೂರನೇ ರೌಂಡ್ ಪಿಕ್ ಇಷ್ಟನ್ನೂ ಮಯಾಮಿ ಡಾಲ್ಫಿನ್ಸ್‌ಗೆ ಕೊಟ್ಟು 3ನೇ ಪಿಕ್ ಪಡೆಯಿತು. ಆ ಆಯ್ಕೆ ನಡೆಯುವ ಡ್ರಾಫ್ಟ್ ಇದ್ದದ್ದು ಏಪ್ರಿಲ್ 29ಕ್ಕೆ, ಕ್ಲೀವ್‌ಲ್ಯಾಂಡ್‌ನಲ್ಲಿ. ನಡುವಿನ ಐದು ವಾರ ಅಭಿಮಾನಿಗಳು ಹೆಚ್ಚಾಗಿ ಜಗಳವಾಡಿದ್ದು ಒಂದು ಪ್ರಶ್ನೆಗೆ: ಯಾರನ್ನು ಆರಿಸಬೇಕು? ಮ್ಯಾಕ್ ಜೋನ್ಸ್, ಜಸ್ಟಿನ್ ಫೀಲ್ಡ್ಸ್, ಟ್ರೇ ಲ್ಯಾನ್ಸ್ ಎಂಬ ಮೂವರು ಕ್ವಾರ್ಟರ್‌ಬ್ಯಾಕ್‌ಗಳ (ಪಾಸ್ ಎಸೆದು ತಂಡದ ಆಟ ನಡೆಸುವವರ) ಹೆಸರು, ಮೂರು ಪಂಗಡ. ಆದರೆ ಆ ಪಿಕ್ ಕೈಕೊಡಲು ಕಾರಣವಾದ ಸಂಗತಿ ಹೆಸರಿನಲ್ಲಿ ಇರಲಿಲ್ಲ. ಆರಿಸಿದ ಹುಡುಗನಿಗೆ ಏನು ಬೇಕಿತ್ತೋ ಅದನ್ನು ಕೊಡುವ ಸ್ಥಿತಿಯಲ್ಲಿ ತಂಡ ಇತ್ತೇ ಎಂಬ ಪ್ರಶ್ನೆಯಲ್ಲಿತ್ತು. ಅದಕ್ಕೆ ಬೇಕಾದ ಮಾಹಿತಿಯೆಲ್ಲ ಮಾರ್ಚ್ ತಿಂಗಳಲ್ಲೇ ಎಲ್ಲರ ಕಣ್ಣೆದುರು ಇತ್ತು.

ಇಲ್ಲಿ ಲೀಗ್ ಎಂದರೆ 32 ತಂಡಗಳ ಎನ್‌ಎಫ್‌ಎಲ್. ತಂಡದ ಸ್ಟೇಡಿಯಂ ಇರುವುದು ಸಾಂಟಾ ಕ್ಲಾರಾದಲ್ಲಿ, ಸನ್ನಿವೇಲ್, ಕ್ಯುಪರ್ಟಿನೊಗಳ ಪಕ್ಕದಲ್ಲಿ, ಕನ್ನಡದ ಕುಟುಂಬಗಳು ನೆಲೆಸಿರುವ ಪ್ರದೇಶದಲ್ಲೇ. ಐಪಿಎಲ್ ಹರಾಜು ನೋಡಿ ಬೆಳೆದವರಿಗೆ ಡ್ರಾಫ್ಟ್‌ನ ತಳಹದಿಯೇ ಬೇರೆ ಎಂಬುದನ್ನು ಮೊದಲು ಹೇಳಬೇಕು. ಹರಾಜಿನಲ್ಲಿ ದುಡ್ಡಿದ್ದವರು ಯಾರ ಮೇಲಾದರೂ ಕೂಗಬಹುದು. ಡ್ರಾಫ್ಟ್‌ನಲ್ಲಿ ದುಡ್ಡಿನ ಕೂಗಾಟವೇ ಇಲ್ಲ, ಇರುವುದು ಸರದಿ. ಹಿಂದಿನ ಸೀಸನ್‌ನಲ್ಲಿ ಹೆಚ್ಚು ಸೋತವರಿಗೆ ಮೊದಲ ಸರದಿ, ಚಾಂಪಿಯನ್‌ಗೆ ರೌಂಡಿನ ಕೊನೆಯ ಸರದಿ. ಇಂಥ ಏಳು ರೌಂಡ್. 2021ರಲ್ಲಿ ಮೊದಲ ರೌಂಡ್‌ನಲ್ಲಿ ಪ್ರತಿ ತಂಡಕ್ಕೂ ಹತ್ತು ನಿಮಿಷ ಇತ್ತು. ಸಂಬಳ ಕೂಡ ಪಿಕ್ ಸಂಖ್ಯೆಯ ಮೇಲೆ ಬಹುಮಟ್ಟಿಗೆ ಮೊದಲೇ ನಿಗದಿಯಾಗಿರುತ್ತದೆ. 2011ರ ಒಪ್ಪಂದದ ನಂತರ ಬಂದ ವ್ಯವಸ್ಥೆ ಇದು: ನಾಲ್ಕು ವರ್ಷದ ಕರಾರು, ಮೊದಲ ರೌಂಡ್‌ನವರಿಗೆ ಮಾತ್ರ ಐದನೇ ವರ್ಷವನ್ನು ಸೇರಿಸಿಕೊಳ್ಳುವ ಹಕ್ಕು ತಂಡದ ಕೈಯಲ್ಲಿ. ಸರದಿಯನ್ನು ಮಾತ್ರ ಮಾರಬಹುದು, ಕೊಳ್ಳಬಹುದು. ಡ್ರಾಫ್ಟ್‌ನ ನಿಜವಾದ ನಾಣ್ಯ ಪಿಕ್ಕೇ.

2019ರ ಸೀಸನ್‌ನಲ್ಲಿ ಫಾರ್ಟಿನೈನರ್ಸ್ 13 ಗೆದ್ದು 3 ಸೋತು ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ತಲುಪಿ, ಕ್ಯಾನ್ಸಸ್ ಸಿಟಿ ಚೀಫ್ಸ್‌ಗೆ 31-20ರಲ್ಲಿ ಸೋತಿತು. ಮರುವರ್ಷ ಗಾಯಗಳ ಸರಮಾಲೆಯಲ್ಲಿ 6-10ಕ್ಕೆ ಇಳಿಯಿತು. 12ನೇ ಪಿಕ್ ಸಿಕ್ಕಿದ್ದು ಹಾಗೆ. ಕ್ವಾರ್ಟರ್‌ಬ್ಯಾಕ್ ಜಿಮ್ಮಿ ಗರಾಪಲೊ 2018ರಲ್ಲಿ ಐದು ವರ್ಷಕ್ಕೆ 13.75 ಕೋಟಿ ಡಾಲರ್ ಕರಾರಿಗೆ ಸಹಿ ಹಾಕಿದ್ದರು. ಆಮೇಲಿನ ಮೂರು ಸೀಸನ್‌ಗಳ 48 ಪಂದ್ಯಗಳಲ್ಲಿ ಅವರು ಕಣಕ್ಕಿಳಿದದ್ದು 25ರಲ್ಲಿ ಮಾತ್ರ. ಅದೇ ಹೊತ್ತಿಗೆ ಕೋವಿಡ್ ಹೊಡೆತಕ್ಕೆ ಲೀಗ್‌ನ ಸ್ಯಾಲರಿ ಕ್ಯಾಪ್ (ಒಂದು ತಂಡದ ಒಟ್ಟು ಸಂಬಳದ ಮಿತಿ) 19.82 ಕೋಟಿಯಿಂದ 18.25 ಕೋಟಿ ಡಾಲರ್‌ಗೆ ಕುಸಿದಿತ್ತು. ದುಬಾರಿ ಸಂಬಳದ, ಪದೇ ಪದೇ ಗಾಯಗೊಳ್ಳುವ ಕ್ವಾರ್ಟರ್‌ಬ್ಯಾಕ್ ಒಂದೆಡೆ. ಟ್ರೆಂಟ್ ವಿಲಿಯಮ್ಸ್, ಜಾರ್ಜ್ ಕಿಟಲ್, ಫ್ರೆಡ್ ವಾರ್ನರ್, ನಿಕ್ ಬೋಸಾ ಅವರಂಥ ಗೆಲ್ಲಲು ಸಿದ್ಧರಾದ ಆಟಗಾರರು ಇನ್ನೊಂದೆಡೆ. ಅಗ್ಗದ ಸಂಬಳದ ಹೊಸ ಕ್ವಾರ್ಟರ್‌ಬ್ಯಾಕ್ ಬಂದರೆ ಉಳಿದ ಹಣದಲ್ಲಿ ಇವರನ್ನೆಲ್ಲ ಹಿಡಿದಿಟ್ಟುಕೊಳ್ಳಬಹುದು. ಕೋಚ್ ಕೈಲ್ ಶಾನಹನ್, ಜನರಲ್ ಮ್ಯಾನೇಜರ್ ಜಾನ್ ಲಿಂಚ್ ಅವರ ಯೋಚನೆಯ ತಿರುಳು ಇದು. ಯೋಚನೆಯಲ್ಲಿ ತಪ್ಪಿರಲಿಲ್ಲ.

ಬೆಲೆ ಹೆಚ್ಚಾಯಿತೇ?

ಅಭಿಮಾನಿಗಳ ಮೊದಲ ಜಗಳ ಬೆಲೆಯದು. ಇದರಲ್ಲಿ ಇಬ್ಬರು ಒಂದೇ ಪಟ್ಟಿ ಹಿಡಿದು ಪೂರ್ತಿ ವಿರುದ್ಧವಾದ ಉತ್ತರಕ್ಕೆ ಬರುತ್ತಿದ್ದರು. ಪಟ್ಟಿ ಎಂದರೆ 1990ರ ದಶಕದ ಆರಂಭದಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡದಲ್ಲಿ ಹುಟ್ಟಿ, ಆಗಿನ ಕೋಚ್ ಜಿಮ್ಮಿ ಜಾನ್ಸನ್ ಹೆಸರಿನಲ್ಲಿ ಹರಡಿದ ಅಂಕಪಟ್ಟಿ. ಅದರಲ್ಲಿ 1ನೇ ಪಿಕ್‌ಗೆ 3000 ಅಂಕ, 3ನೆಯದಕ್ಕೆ 2200, 12ನೆಯದಕ್ಕೆ 1200, 16ಕ್ಕೆ 1000, 32ಕ್ಕೆ 590. ಅಂದರೆ 12ರಿಂದ 3ಕ್ಕೆ ಏರಲು ತುಂಬಬೇಕಾದ ಅಂತರ 1000 ಅಂಕ.

ಮುಂದಿನ ಎರಡು ಮೊದಲ ರೌಂಡ್ ಪಿಕ್‌ಗಳು ರೌಂಡಿನ ನಡುವೆ, 16ರ ಸುಮಾರಿಗೆ ಬೀಳುತ್ತವೆ ಎಂದಿಟ್ಟುಕೊಳ್ಳಿ. ರಿಯಾಯಿತಿ ಕಳೆಯದೆ ಕೂಡಿದರೆ 1000ಕ್ಕೆ 1000, ಜೊತೆಗೆ ಮೂರನೇ ರೌಂಡ್ ಪಿಕ್‌ಗೆ 92, ಒಟ್ಟು 2092. ಬೇಕಾದದ್ದರ ಎರಡರಷ್ಟು! "ತಂಡವನ್ನೇ ಮಾರಿಬಿಟ್ಟರು" ಎಂದವರ ಲೆಕ್ಕ ಇದು. ಆದರೆ ತಂಡಗಳ ನಡುವಿನ ರೂಢಿ ಬೇರೆ: ಒಂದು ವರ್ಷ ಕಾಯಬೇಕಾದ ಪಿಕ್ಕನ್ನು ಒಂದು ರೌಂಡ್ ಕೆಳಗಿಳಿಸಿ ಎಣಿಸುತ್ತಾರೆ. ಹಾಗೆ ಎಣಿಸಿದರೆ 2022ರ ಮೊದಲ ರೌಂಡ್ ಪಿಕ್ ಎರಡನೇ ರೌಂಡಿನ ನಡುಭಾಗದ 48ನೇ ಪಿಕ್‌ಗೆ ಸಮ, 420 ಅಂಕ. 2023ರದ್ದು ಎರಡು ರೌಂಡ್ ಇಳಿದು 80ನೇ ಪಿಕ್, 190 ಅಂಕ. ಮೂರನೇ ರೌಂಡಿನದಕ್ಕೆ 40ರ ಆಸುಪಾಸು. ಒಟ್ಟು 650. ಈ ಲೆಕ್ಕದ ಪ್ರಕಾರ ಫಾರ್ಟಿನೈನರ್ಸ್ ಅಗ್ಗವಾಗಿಯೇ ಕೊಂಡಿತು.

ಎರಡರ ನಡುವಿನ ವ್ಯತ್ಯಾಸವೆಲ್ಲ ಒಂದೇ ಊಹೆಯ ಮೇಲೆ ನಿಂತಿದೆ: ಮುಂದಿನ ವರ್ಷದ ಪಿಕ್ ಇಂದು ಎಷ್ಟು ಬೆಲೆಬಾಳುತ್ತದೆ? ಅರ್ಥಶಾಸ್ತ್ರಜ್ಞರಾದ ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಹಳೆಯ ಟ್ರೇಡ್‌ಗಳನ್ನು ಅಳೆದು, ತಂಡಗಳು ಭವಿಷ್ಯದ ಪಿಕ್ಕನ್ನು ವರ್ಷಕ್ಕೆ ಸುಮಾರು 136 ಪ್ರತಿಶತ ಬಡ್ಡಿಯ ದರದಲ್ಲಿ ಕಡಿತಗೊಳಿಸುತ್ತವೆ ಎಂದು ತೋರಿಸಿದ್ದರು. ಕೆಲಸ ಕಳೆದುಕೊಳ್ಳುವ ಭಯವಿರುವ ಕೋಚ್‌ಗೆ ಆ ದರ ಸರಿಕಾಣಬಹುದು. ಹತ್ತು ವರ್ಷದ ನಂತರವೂ ಅದೇ ತಂಡವನ್ನು ಬೆಂಬಲಿಸುವ ಅಭಿಮಾನಿಗೆ ಸರಿಕಾಣಬೇಕಿಲ್ಲ. ಬೆಲೆಯ ಜಗಳದಲ್ಲಿ ಅಭಿಮಾನಿಗಳು ತಂಡದ ರೂಢಿಯನ್ನು ಎರವಲು ಪಡೆಯದೆ ತಮ್ಮದೇ ದರ ಹಾಕಿಕೊಳ್ಳುವುದು ನ್ಯಾಯ ಎಂದೇ ನನ್ನ ಅಭಿಪ್ರಾಯ.

ಮಾರುಕಟ್ಟೆಯ ದರ ಮಾತ್ರ ಹೀಗೆಯೇ ಇತ್ತು. 2012ರಲ್ಲಿ ವಾಷಿಂಗ್ಟನ್ ತಂಡ ರಾಬರ್ಟ್ ಗ್ರಿಫಿನ್‌ಗಾಗಿ 6ರಿಂದ 2ಕ್ಕೆ ಏರಲು 6ನೇ ಪಿಕ್, ಒಂದು ಎರಡನೇ ರೌಂಡ್ ಪಿಕ್, ಮುಂದಿನ ಎರಡು ವರ್ಷದ ಮೊದಲ ರೌಂಡ್ ಪಿಕ್ ಕೊಟ್ಟಿತ್ತು. 2018ರಲ್ಲಿ ಜೆಟ್ಸ್ 6ರಿಂದ 3ಕ್ಕೆ ಬರಲು ಮೂರು ಎರಡನೇ ರೌಂಡ್ ಪಿಕ್ ತೆತ್ತಿತ್ತು. ಕ್ವಾರ್ಟರ್‌ಬ್ಯಾಕ್ ಬೇಕೆಂದರೆ ಈ ದರವೇ. ಮಯಾಮಿಯಂತೂ ಅದೇ ದಿನ 12ನೇ ಪಿಕ್, ಒಂದು ನಾಲ್ಕನೇ ರೌಂಡ್ ಪಿಕ್, ತನ್ನದೇ 2022ರ ಮೊದಲ ರೌಂಡ್ ಪಿಕ್ಕನ್ನು ಫಿಲಡೆಲ್ಫಿಯಾಕ್ಕೆ ಕೊಟ್ಟು 6ಕ್ಕೆ ಮರಳಿ ಏರಿತು. ಒಂದು ಐದನೇ ರೌಂಡ್ ಪಿಕ್ ಕೂಡ ಅವರಿಗೆ ಬಂತು. ಅಂದರೆ ಮೂರು ಸ್ಥಾನ ಇಳಿದಿದ್ದಕ್ಕೆ ಮಯಾಮಿಗೆ ಸಿಕ್ಕಿದ್ದು ಒಂದು ಹೆಚ್ಚುವರಿ ಮೊದಲ ರೌಂಡ್ ಪಿಕ್ ಮತ್ತು ಒಂದು ಮೂರನೇ ರೌಂಡ್ ಪಿಕ್. ಆ ದಿನ ಮೂರು ತಂಡಗಳಲ್ಲಿ ಅತ್ಯಂತ ಚೊಕ್ಕವಾಗಿ ವ್ಯಾಪಾರ ಮಾಡಿದವರು ಅವರೇ.

ಮೂರು ಹೆಸರು

ಮೊದಲ ಎರಡು ಪಿಕ್ ಬಗ್ಗೆ ಅನುಮಾನ ಉಳಿದಿರಲಿಲ್ಲ. ಜಾಗ್ವಾರ್ಸ್‌ಗೆ ಟ್ರೆವರ್ ಲಾರೆನ್ಸ್. ಏಪ್ರಿಲ್ 5ರಂದು ಜೆಟ್ಸ್ ತನ್ನ ಕ್ವಾರ್ಟರ್‌ಬ್ಯಾಕ್ ಸ್ಯಾಮ್ ಡಾರ್ನಾಲ್ಡ್‌ನನ್ನು ಬೇರೆ ತಂಡಕ್ಕೆ ಕಳಿಸಿದ ಮೇಲೆ ಜ್ಯಾಕ್ ವಿಲ್ಸನ್ ಕೂಡ ಖಚಿತ. ಹಾಗಾಗಿ ಡ್ರಾಫ್ಟ್ ಶುರುವಾಗುವುದೇ 3ರಿಂದ ಎಂಬಂತಾಯಿತು.

ಜೋನ್ಸ್ ಪರ ಇದ್ದವರು ಶಾನಹನ್ ಪದ್ಧತಿಯನ್ನು ಮುಂದಿಡುತ್ತಿದ್ದರು. ಆ ಪದ್ಧತಿಯಲ್ಲಿ ಓಟದಂತೆ ನಟಿಸಿ ಪಾಸ್ ಎಸೆಯುವ ಪ್ಲೇ-ಆ್ಯಕ್ಷನ್, ನಿಗದಿತ ಹೆಜ್ಜೆಗೆ ನಿಗದಿತ ಕ್ಷಣದಲ್ಲಿ ಮೈದಾನದ ನಡುಭಾಗಕ್ಕೆ ಎಸೆಯುವ ಪಾಸ್‌ಗಳೇ ಪ್ರಧಾನ. ಚೆಂಡು ಬೇಗ ಕೈಬಿಡಬೇಕು, ಸರಿಯಾದ ಜಾಗಕ್ಕೆ ಬೀಳಬೇಕು. 2020ರಲ್ಲಿ ಅಲಬಾಮಾ ಪರ ಜೋನ್ಸ್ 4,500 ಗಜ, 41 ಟಚ್‌ಡೌನ್ (ಚೆಂಡನ್ನು ಕೊನೆಯ ಗೆರೆ ದಾಟಿಸಿ ಅಂಕ ಗಳಿಸುವುದು), ಕೇವಲ 4 ಇಂಟರ್‌ಸೆಪ್ಷನ್ (ಎದುರಾಳಿಯ ಕೈಗೆ ಸಿಕ್ಕ ಪಾಸ್), 77.4 ಪ್ರತಿಶತ ನಿಖರತೆ ತೋರಿದ್ದ. ಪತ್ರಕರ್ತರಲ್ಲಿ ಹಲವರು ಅವನ ಹೆಸರನ್ನೇ ಹೇಳಿದರು. ಎದುರು ವಾದವೂ ಗಟ್ಟಿ: ಸುತ್ತ ಅಷ್ಟು ಒಳ್ಳೆಯ ಆಟಗಾರರಿರುವಾಗ ಅಂಕಿಅಂಶ ಯಾರದು? ಕಾಲ ಬಲವಿಲ್ಲದ ಇಂಥವನು 12ರಲ್ಲಿ ಹೇಗೂ ಸಿಗುತ್ತಿದ್ದ, ಅವನಿಗಾಗಿ ಎರಡು ವರ್ಷದ ಪಿಕ್ ಏಕೆ? ಡ್ರಾಫ್ಟ್ ದಿನ ಜೋನ್ಸ್ 15ನೇ ಪಿಕ್ಕಿಗೆ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಸೇರಿದ. 12ರಲ್ಲಿ ಸಿಗುತ್ತಿದ್ದ ಎಂಬ ಮಾತಾದರೂ ನಿಜವಾಯಿತು.

ಫೀಲ್ಡ್ಸ್ ಪರ ಇದ್ದವರಿಗೆ ಸಾಕ್ಷ್ಯ ಹುಡುಕಬೇಕಾಗಿರಲಿಲ್ಲ. ಒಹಾಯೊ ಸ್ಟೇಟ್‌ನಲ್ಲಿ 2019ರಲ್ಲಿ 41 ಟಚ್‌ಡೌನ್, 3 ಇಂಟರ್‌ಸೆಪ್ಷನ್. 2020ರ ಸೀಸನ್‌ನಲ್ಲಿ ಕ್ಲೆಮ್ಸನ್ ವಿರುದ್ಧದ ಸೆಮಿಫೈನಲ್‌ನಲ್ಲಿ ಲಾರೆನ್ಸ್ ಎದುರೇ 6 ಟಚ್‌ಡೌನ್ ಪಾಸ್. ಮೂವರಲ್ಲಿ ದೊಡ್ಡ ವೇದಿಕೆಯ ಅನುಭವ ಮತ್ತು ಓಟ ಎರಡೂ ಇದ್ದದ್ದು ಇವನಲ್ಲಿ ಮಾತ್ರ. ದೂರು ಒಂದೇ: ಚೆಂಡನ್ನು ಹೆಚ್ಚು ಹೊತ್ತು ಹಿಡಿದಿರುತ್ತಾನೆ. ಶಾನಹನ್ ಪದ್ಧತಿಯಲ್ಲಿ ಅದು ಸಣ್ಣ ದೂರಲ್ಲ.

ಲ್ಯಾನ್ಸ್ ಪಂಗಡದ ವಾದ ಮೇಲ್ನೋಟಕ್ಕೆ ಅತ್ಯಂತ ಆಕರ್ಷಕ. ಡ್ರಾಫ್ಟ್ ದಿನ ಅವನಿಗೆ ಇನ್ನೂ 20 ವರ್ಷ. 2019ರಲ್ಲಿ ನಾರ್ತ್ ಡಕೋಟಾ ಸ್ಟೇಟ್ 16ಕ್ಕೆ 16 ಗೆದ್ದಾಗ ಅವನು 28 ಟಚ್‌ಡೌನ್ ಪಾಸ್ ಎಸೆದು ಒಂದೂ ಇಂಟರ್‌ಸೆಪ್ಷನ್ ಕೊಡಲಿಲ್ಲ. ಮೇಲೆ 1,100 ಗಜ ಓಡಿ 14 ಟಚ್‌ಡೌನ್ ಗಳಿಸಿದ. ಆ ತಂಡ ಆಡುವ ರೀತಿಯೂ ವೃತ್ತಿಪರ ತಂಡದ್ದನ್ನು ಹೋಲುತ್ತಿತ್ತು. ಚೆಂಡನ್ನು ಹಿಂದಕ್ಕೆ ದಾಟಿಸುವ ಸೆಂಟರ್‌ನ ಬೆನ್ನಿಗೇ ನಿಂತು ಚೆಂಡು ಪಡೆಯುವುದು, ಪ್ಲೇ-ಆ್ಯಕ್ಷನ್, ತನ್ನನ್ನು ಕಾಯುವ ಆಟಗಾರರ ವ್ಯೂಹವನ್ನು ಕ್ವಾರ್ಟರ್‌ಬ್ಯಾಕ್ ತಾನೇ ಕೂಗಿ ಬದಲಿಸುವುದು ಎಲ್ಲ ಅಲ್ಲಿತ್ತು. ಆದರೆ ಅದು ಎಫ್‌ಸಿಎಸ್ ಎಂಬ ಎರಡನೇ ದರ್ಜೆಯ ಕಾಲೇಜು ಮಟ್ಟ. ಕೋವಿಡ್‌ನಿಂದಾಗಿ 2020ರಲ್ಲಿ ಅವನು ಆಡಿದ್ದು ಒಂದೇ ಪಂದ್ಯ.

ಕಾಲೇಜಿನಲ್ಲಿ ಎಸೆದ ಒಟ್ಟು ಪಾಸ್‌ಗಳನ್ನು ಸಾಲಾಗಿ ಇಟ್ಟು ನೋಡಬೇಕು. ಲಾರೆನ್ಸ್ 1,138. ವಿಲ್ಸನ್ 837. ಫೀಲ್ಡ್ಸ್ 618. ಜೋನ್ಸ್ 556. ಲ್ಯಾನ್ಸ್ 318.

ಆ ಐದು ವಾರದ ಚರ್ಚೆಯಲ್ಲಿ ಈ ಕೊನೆಯ ಸಂಖ್ಯೆಗಿಂತ ಹೆಚ್ಚು ಗಮನ ಸೆಳೆದದ್ದು ಯಾವ ಪ್ರೊ ಡೇಗೆ ಯಾರು ಹೋದರು ಎಂಬ ಸುದ್ದಿ. ಪ್ರೊ ಡೇ ಎಂದರೆ ಕಾಲೇಜು ಆವರಣದಲ್ಲಿ ತಂಡಗಳೆದುರು ನಡೆಯುವ ಪ್ರದರ್ಶನ. ಆ ವರ್ಷ ಇಂಡಿಯಾನಾಪೊಲಿಸ್‌ನ ಎಂದಿನ ಸಾಮೂಹಿಕ ಪರೀಕ್ಷೆ ರದ್ದಾಗಿ ಕೇವಲ ವೈದ್ಯಕೀಯ ತಪಾಸಣೆ ನಡೆದಿದ್ದರಿಂದ ಪ್ರೊ ಡೇಗೆ ಇಲ್ಲದ ತೂಕ ಬಂತು. ಮಾರ್ಚ್ 30ರಂದು ಜೋನ್ಸ್ ಮತ್ತು ಫೀಲ್ಡ್ಸ್ ಇಬ್ಬರದೂ ಇತ್ತು. ಶಾನಹನ್, ಲಿಂಚ್ ಇಬ್ಬರೂ ಅಲಬಾಮಾಕ್ಕೆ ಹೋದರು. ಅಷ್ಟಕ್ಕೇ ಜೋನ್ಸ್ ಖಚಿತ ಎಂದು ಅರ್ಧ ಜನ ತೀರ್ಮಾನಿಸಿದರು. ಆದರೆ ಅವರು ಏಪ್ರಿಲ್ 14ರಂದು ಫೀಲ್ಡ್ಸ್‌ನ, 19ರಂದು ಲ್ಯಾನ್ಸ್‌ನ ಎರಡನೇ ಪ್ರದರ್ಶನಕ್ಕೂ ಹೋದರು. ಯಾರೂ ಅಡ್ಡಬರದ, ಮೊದಲೇ ಬರೆದಿಟ್ಟ ಎಸೆತಗಳ ಪ್ರದರ್ಶನದಿಂದ ತೋಳಿನ ಬಲ, ಹೆಜ್ಜೆಯ ಲಯ ತಿಳಿಯುತ್ತದೆ. ಎದುರಾಳಿ ಮೈಮೇಲೆ ಬೀಳುವಾಗ ಎರಡನೇ, ಮೂರನೇ ಗುರಿಗೆ ಕಣ್ಣು ಎಷ್ಟು ಬೇಗ ಹೊರಳುತ್ತದೆ ಎಂಬುದು ತಿಳಿಯುವುದಿಲ್ಲ. ಅಧಿಕಾರಿಗಳ ವಿಮಾನಯಾನದಿಂದಂತೂ ಏನೂ ತಿಳಿಯುವುದಿಲ್ಲ.

ಎಲ್ಲಿ ಮುರಿಯಿತು

ಏಪ್ರಿಲ್ 29ರಂದು ಹೆಸರು ಬಂತು: ಟ್ರೇ ಲ್ಯಾನ್ಸ್. ಪೂರ್ತಿ ಖಾತರಿಯ, ಸುಮಾರು 3.4 ಕೋಟಿ ಡಾಲರ್‌ನ ನಾಲ್ಕು ವರ್ಷದ ಕರಾರು. ಗರಾಪಲೊ ತಂಡದಲ್ಲೇ ಉಳಿದರು. ಒಂದು ವರ್ಷ ಹಿರಿಯನ ಹಿಂದೆ ಕೂತು ಕಲಿಯಲಿ ಎಂಬ ಈ ಏರ್ಪಾಡನ್ನು ಬಹುಪಾಲು ಅಭಿಮಾನಿಗಳು ಒಪ್ಪಿದರು. ಕ್ಯಾನ್ಸಸ್ ಸಿಟಿಯಲ್ಲಿ ಪ್ಯಾಟ್ರಿಕ್ ಮಹೋಮ್ಸ್ ಕೂಡ 2017ರಲ್ಲಿ ಒಂದು ವರ್ಷ ಕೂತಿದ್ದನಲ್ಲ ಎಂಬುದು ಎಲ್ಲರ ಬಾಯಲ್ಲಿದ್ದ ಉದಾಹರಣೆ. ಆದರೆ ಮಹೋಮ್ಸ್ ಟೆಕ್ಸಸ್ ಟೆಕ್‌ನಲ್ಲಿ ಸಾವಿರಕ್ಕೂ ಹೆಚ್ಚು ಪಾಸ್ ಎಸೆದು ಬಂದವನು. ಅವನಿಗೆ ಬೇಕಾಗಿದ್ದದ್ದು ತಿದ್ದುಪಡಿ, ಅದು ಅಭ್ಯಾಸದಲ್ಲಿ ಸಾಧ್ಯ. ಲ್ಯಾನ್ಸ್‌ಗೆ ಬೇಕಾಗಿದ್ದದ್ದು ಪಂದ್ಯಗಳೇ. ತಪ್ಪು ಮಾಡಿ, ಸೋತು, ಮರುವಾರ ಮತ್ತೆ ಎಸೆಯುವ ಅವಕಾಶ. ಅದನ್ನು ಕೊಡಬಲ್ಲದ್ದು ಸೋಲಲು ಸಿದ್ಧವಾದ ತಂಡ ಮಾತ್ರ. ಫಾರ್ಟಿನೈನರ್ಸ್ ಸೂಪರ್ ಬೌಲ್‌ಗೆ ಕಟ್ಟಿದ ತಂಡ. ಪ್ರತಿ ಭಾನುವಾರವೂ ಗೆಲ್ಲಬೇಕಿತ್ತು.

ಇನ್ನೊಂದು ಲೆಕ್ಕವೂ ಇಲ್ಲೇ ಕೈಕೊಟ್ಟಿತು. ಅಗ್ಗದ ಕ್ವಾರ್ಟರ್‌ಬ್ಯಾಕ್‌ನಿಂದ ಉಳಿಯುವ ಹಣದ ಲಾಭ ಸಿಗುವುದು ಅವನು ಆಡುವ ವರ್ಷಗಳಲ್ಲಿ. ನಾಲ್ಕರಲ್ಲಿ ಒಂದು ವರ್ಷ ಕೂರಿಸಿದರೆ ಕಾಲುಭಾಗ ಹೋಯಿತು. ಆ ವರ್ಷ ಗರಾಪಲೊ ಅವರ ಭಾರಿ ಸಂಬಳವನ್ನೂ ಹೊತ್ತರೆ ಉಳಿತಾಯವೇ ಇಲ್ಲ.

ಮುಂದಿನದ್ದು ಬೇಗ ಬೇಗ ನಡೆಯಿತು. 2021ರ ಪ್ರಿಸೀಸನ್‌ನ (ಸೀಸನ್‌ಗೆ ಮೊದಲಿನ ಅಭ್ಯಾಸ ಪಂದ್ಯಗಳ) ಕೊನೆಯ ಪಂದ್ಯದಲ್ಲಿ ಲ್ಯಾನ್ಸ್‌ನ ಎಸೆಯುವ ಕೈಯ ಬೆರಳಿಗೆ ಪೆಟ್ಟು. ಅಕ್ಟೋಬರ್ 10ರಂದು ಅರಿಝೋನಾ ಕಾರ್ಡಿನಲ್ಸ್ ವಿರುದ್ಧ ಮೊದಲ ಬಾರಿ ಆರಂಭಿಕನಾಗಿ ಇಳಿದ ಲ್ಯಾನ್ಸ್ 16 ಬಾರಿ ಓಡಿ 89 ಗಜ ಗಳಿಸಿದ. ತಂಡ 17-10ರಲ್ಲಿ ಸೋತಿತು, ಅವನ ಮೊಣಕಾಲಿಗೆ ಪೆಟ್ಟಾಯಿತು. ಆ ಸೀಸನ್‌ನಲ್ಲಿ ಇನ್ನೊಂದೇ ಆರಂಭ, ಹ್ಯೂಸ್ಟನ್ ಟೆಕ್ಸನ್ಸ್ ವಿರುದ್ಧ 23-7ರ ಗೆಲುವು. ಗರಾಪಲೊ ನೇತೃತ್ವದಲ್ಲಿ ತಂಡ 10-7 ಮುಗಿಸಿ ಎನ್‌ಎಫ್‌ಸಿ (ಲೀಗ್‌ನ ಎರಡು ವಿಭಾಗಗಳಲ್ಲಿ ಒಂದು) ಫೈನಲ್ ತನಕ ಹೋಗಿ ರ‍್ಯಾಮ್ಸ್‌ಗೆ 20-17ರಲ್ಲಿ ಸೋತಿತು. ಇಷ್ಟು ಗೆಲ್ಲುತ್ತಿದ್ದ ಕ್ವಾರ್ಟರ್‌ಬ್ಯಾಕ್‌ನನ್ನು ಬೆಂಚಿಗೆ ಕಳಿಸಿ ಹುಡುಗನಿಗೆ ಪಾಠ ಕಲಿಸಲು ಯಾವ ಕೋಚ್ ಧೈರ್ಯ ಮಾಡುತ್ತಾನೆ?

2022ಕ್ಕೆ ಲ್ಯಾನ್ಸ್ ಆರಂಭಿಕ. ಶಿಕಾಗೊದಲ್ಲಿ ಸುರಿಮಳೆಯಲ್ಲಿ ಬೇರ್ಸ್‌ಗೆ 19-10ರ ಸೋಲು. ಮರುವಾರ, ಸೆಪ್ಟೆಂಬರ್ 18ರಂದು ಸಿಯಾಟಲ್ ವಿರುದ್ಧ ಮೊದಲ ಕ್ವಾರ್ಟರ್‌ನಲ್ಲೇ ನಡುಭಾಗಕ್ಕೆ ನುಗ್ಗಿದ ಓಟದಲ್ಲಿ ಬಲ ಪಾದದ ಕೀಲು ಮುರಿದು ಸೀಸನ್ ಮುಗಿಯಿತು. 2020ರ ಜನವರಿಯಲ್ಲಿ ಕಾಲೇಜಿನ ಏಕೈಕ ಪೂರ್ಣ ಸೀಸನ್ ಮುಗಿದಂದಿನಿಂದ ಆ ದಿನದವರೆಗೆ, ಪ್ರಿಸೀಸನ್ ಬಿಟ್ಟರೆ, ಅವನು ಎಸೆದದ್ದು 132 ಪಾಸ್: ಕಾಲೇಜಿನಲ್ಲಿ 30, ವೃತ್ತಿಪರನಾಗಿ 102. ಅಭ್ಯಾಸವೇ ಬೇಕಿದ್ದ ಆಟಗಾರನಿಗೆ ಸುಮಾರು ಮೂರು ವರ್ಷದಲ್ಲಿ ಸಿಕ್ಕಿದ್ದು ಇಷ್ಟು. ಅವನಲ್ಲಿ ಪ್ರತಿಭೆ ಇತ್ತೇ ಇಲ್ಲವೇ ಎಂದು ಇಂದಿಗೂ ವಾದಿಸುವವರಿದ್ದಾರೆ. ಉತ್ತರಿಸಲು ಬೇಕಾದ ಆಟವೇ ನಡೆಯಲಿಲ್ಲ. ಗಾಯವನ್ನು ದುರದೃಷ್ಟ ಎನ್ನಬಹುದು, ಆದರೆ ಆ ಓಟ ಆಕಸ್ಮಿಕವಲ್ಲ. ಪಾಸ್ ಪಕ್ವವಾಗದ ಕ್ವಾರ್ಟರ್‌ಬ್ಯಾಕ್‌ನಿಂದ ಗೆಲುವು ತೆಗೆಯಲು ಅವನ ಕಾಲನ್ನು ಬಳಸಲೇಬೇಕಾಗುತ್ತದೆ, ಬಳಸಿದಷ್ಟೂ ಹೊಡೆತ ಹೆಚ್ಚು.

ಆರಂಭಿಕ ಕ್ವಾರ್ಟರ್‌ಬ್ಯಾಕ್ ಸ್ಥಾನ ಆಗಲೇ ಬೇರೊಬ್ಬನಿಗೆ ಹೋಗಿತ್ತು. 2023ರ ಆಗಸ್ಟ್‌ನಲ್ಲಿ ಎರಡನೇ ಸ್ಥಾನವೂ, ಆ ಹೊತ್ತಿಗೆ ಫಾರ್ಟಿನೈನರ್ಸ್ ಸೇರಿದ್ದ ಸ್ಯಾಮ್ ಡಾರ್ನಾಲ್ಡ್ ಪಾಲಾಯಿತು. 25ರಂದು ಲ್ಯಾನ್ಸ್‌ನನ್ನು ಒಂದು ನಾಲ್ಕನೇ ರೌಂಡ್ ಪಿಕ್‌ಗೆ ಡಲ್ಲಾಸ್‌ಗೆ ಕಳಿಸಲಾಯಿತು.

ನಾಲ್ಕನೇ ಪಂಗಡ

ಟ್ರೇಡ್ ಆದ ದಿನವೇ ದನಿ ಕಳೆದುಕೊಂಡ ಸಣ್ಣ ಗುಂಪೊಂದಿತ್ತು: 12ರಲ್ಲೇ ಕೂರಿ, ಬೇರೆ ಸ್ಥಾನದ ಒಳ್ಳೆಯ ಆಟಗಾರನನ್ನು ತೆಗೆದುಕೊಳ್ಳಿ, ಗರಾಪಲೊ ಜೊತೆ ಇನ್ನೊಂದು ವರ್ಷ ನೋಡಿ ಎಂದವರು. ಕೈ ಬದಲಾಯಿಸಿ ಡಲ್ಲಾಸ್ ಸೇರಿದ ಆ 12ನೇ ಪಿಕ್‌ನಲ್ಲಿ ಬಂದವನು ಮೈಕಾ ಪಾರ್ಸನ್ಸ್. 13ರಲ್ಲಿ ರಶಾನ್ ಸ್ಲೇಟರ್. ಆದರೂ "ಪಾರ್ಸನ್ಸ್ ಸಿಗುತ್ತಿದ್ದ" ಎನ್ನುವುದು ಅಷ್ಟು ಸಲೀಸಲ್ಲ. ಫಾರ್ಟಿನೈನರ್ಸ್ ಏರದಿದ್ದರೆ 3ರಿಂದ 11ರವರೆಗಿನ ಸರದಿಯೇ ಬೇರೆಯಾಗುತ್ತಿತ್ತು. ಈ ಗುಂಪಿನ ಮಾತಿನ ನಿಜವಾದ ಬಲ ಒಬ್ಬ ಆಟಗಾರನಲ್ಲಿಲ್ಲ, ಐದು ಕ್ವಾರ್ಟರ್‌ಬ್ಯಾಕ್‌ಗಳ ಒಟ್ಟು ಫಲಿತಾಂಶದಲ್ಲಿದೆ. ಮೊದಲ 15 ಪಿಕ್‌ಗಳಲ್ಲಿ ಹೋದ ಐವರಲ್ಲಿ 2025ರಲ್ಲಿ ಆರಿಸಿದ ತಂಡದಲ್ಲೇ ಉಳಿದಿದ್ದವನು ಲಾರೆನ್ಸ್ ಒಬ್ಬನೇ. ವಿಲ್ಸನ್, ಫೀಲ್ಡ್ಸ್, ಜೋನ್ಸ್ ಮೂವರೂ ಊರು ಬದಲಿಸಿದರು. ಜೋನ್ಸ್ 2025ರಲ್ಲಿ ಫಾರ್ಟಿನೈನರ್ಸ್‌ಗೇ ಬ್ಯಾಕಪ್ ಆಗಿ ಬಂದ, ಪಿಕ್ ಏನೂ ತೆರದೆ.

ಕೊಟ್ಟ ಪಿಕ್‌ಗಳು ಏನಾದವು? ತಂಡ ಚೆನ್ನಾಗಿ ಆಡಿದ್ದರಿಂದ ಎರಡೂ ವರ್ಷದ ಮೊದಲ ರೌಂಡ್ ಪಿಕ್ 29ಕ್ಕೇ ಬಿದ್ದವು, ತಲಾ 640 ಅಂಕ. ಊಹಿಸಿದ ಸಾವಿರಕ್ಕಿಂತ ಕಡಿಮೆ. ಮಯಾಮಿ ಮೊದಲನೆಯದನ್ನು ಟೈರೀಕ್ ಹಿಲ್‌ಗಾಗಿ ಕ್ಯಾನ್ಸಸ್ ಸಿಟಿಗೆ, ಎರಡನೆಯದನ್ನು ಬ್ರ್ಯಾಡ್ಲಿ ಚಬ್‌ಗಾಗಿ ಡೆನ್ವರ್‌ಗೆ ಕೊಟ್ಟ ಕಂತಿನಲ್ಲಿ ಸೇರಿಸಿತು. ಫಾರ್ಟಿನೈನರ್ಸ್‌ನ ಮೊದಲ ಆಯ್ಕೆ 2022ರಲ್ಲಿ 61ನೇ ಪಿಕ್, 2023ರಲ್ಲಿ 87ನೆಯದು. 2023ರಲ್ಲಿ ಅಷ್ಟು ಕೆಳಗಿಳಿಯಲು ಕ್ರಿಶ್ಚಿಯನ್ ಮೆಕ್‌ಕ್ಯಾಫ್ರಿಗಾಗಿ ಎರಡನೇ, ಮೂರನೇ ರೌಂಡ್ ಪಿಕ್ ಕೊಟ್ಟದ್ದೂ ಕಾರಣ.

ಇಷ್ಟಾದರೂ ತಂಡ ಮುಳುಗಲಿಲ್ಲ. 2022ರ ಡ್ರಾಫ್ಟ್‌ನ ಕಟ್ಟಕಡೆಯ 262ನೇ ಪಿಕ್‌ನಲ್ಲಿ ಬಂದ ಬ್ರಾಕ್ ಪರ್ಡಿ, ಆ ಡಿಸೆಂಬರ್‌ನಲ್ಲಿ ಗರಾಪಲೊ ಪಾದ ಮುರಿದುಕೊಂಡಾಗ ಕಣಕ್ಕಿಳಿದು ತಂಡವನ್ನು ಎನ್‌ಎಫ್‌ಸಿ ಫೈನಲ್‌ಗೂ ಮರುವರ್ಷ ಸೂಪರ್ ಬೌಲ್‌ಗೂ ಒಯ್ದ. ಇದನ್ನು ತೋರಿಸಿ "ಲ್ಯಾನ್ಸ್ ಟ್ರೇಡ್‌ನಿಂದ ನಷ್ಟವೇನೂ ಆಗಲಿಲ್ಲ" ಎನ್ನುವವರು ಬಹಳ. ಈ ವಾದ ನಿಲ್ಲುವುದಿಲ್ಲ. ಪರ್ಡಿ ಸಿಕ್ಕಿದ್ದು ಆ ಟ್ರೇಡ್‌ನಿಂದಲ್ಲ. ಟ್ರೇಡ್ ಆಗದೆ ಪರ್ಡಿ ಸಿಕ್ಕಿದ್ದರೆ ಅವನ ಅಗ್ಗದ ವರ್ಷಗಳಲ್ಲಿ ಜೊತೆಗೆ ಮೂವರು ಮೊದಲ ರೌಂಡ್ ಆಟಗಾರರು ಅಗ್ಗದ ಸಂಬಳಕ್ಕೇ ಆಡುತ್ತಿದ್ದರು. 2024ರ ಫೆಬ್ರವರಿಯಲ್ಲಿ ಚೀಫ್ಸ್‌ಗೆ ಸೂಪರ್ ಬೌಲ್ ಸೋತದ್ದು 25-22ರಲ್ಲಿ, ಹೆಚ್ಚುವರಿ ಅವಧಿಯಲ್ಲಿ. ಅಷ್ಟು ತೆಳುವಾದ ಅಂತರದಲ್ಲಿ ಸೋತ ತಂಡಕ್ಕೆ ಆ ಮೂವರು ಏನಾಗುತ್ತಿದ್ದರು ಎಂಬ ಪ್ರಶ್ನೆಯನ್ನು ತಳ್ಳಿಹಾಕಲು ಬರುವುದಿಲ್ಲ.

ಡಲ್ಲಾಸ್ ಕೊಟ್ಟ ನಾಲ್ಕನೇ ರೌಂಡ್ ಪಿಕ್ 2024ರಲ್ಲಿ 124ನೆಯದಾಗಿ ಬಂತು. ಅದರಲ್ಲಿ ಫಾರ್ಟಿನೈನರ್ಸ್ ವೇಕ್ ಫಾರೆಸ್ಟ್ ಕಾಲೇಜಿನ ಸೇಫ್ಟಿ (ಹಿಂಬದಿಯ ರಕ್ಷಣಾ ಆಟಗಾರ) ಮಲಿಕ್ ಮುಸ್ತಫಾನನ್ನು ಆರಿಸಿತು. ಅವನು ಮೊದಲ ವರ್ಷವೇ ಆರಂಭಿಕನಾದ. ಅಂಕಪಟ್ಟಿಯ 2200 ಅಂಕದ ಪಿಕ್ಕಿನಿಂದ ತಂಡಕ್ಕೆ ಕೊನೆಗೆ ಉಳಿದ ಆಟಗಾರ ಅವನೊಬ್ಬನೇ.